ಏರ್‌ಬ್ರಷ್ ಕೆಟ್ಟಿದೆ ಅನ್ನುವ ಮೊದಲು



ಚೌತಿ, ದೀಪಾವಳಿ, ಕ್ರಿಸ್ಮಸ್ – ಈ ಮೂರು ಹಬ್ಬ ಹತ್ತಿರ ಬಂತೆಂದರೆ ಮಣ್ಣಿನ ಕೆಲಸ ಮಾಡುವ ನಮ್ಮ ಸಂಘಗಳಿಗೆ ಕೈತುಂಬ ಆರ್ಡರ್. ಹಣತೆ, ಹೂಕುಂಡ, ಗೋದಲಿಯ ಗೊಂಬೆ ಎಲ್ಲದಕ್ಕೂ ಬಣ್ಣ ಆಗಬೇಕು. ಕುಂಚ ಹಿಡಿದು ಒಂದೊಂದಕ್ಕೇ ಹಚ್ಚುತ್ತಾ ಕೂತರೆ ಪೂರೈಸುವುದಿಲ್ಲ ಅಂತ ಕೆಲವು ಸಂಘಗಳು ಸಾಲ ತೆಗೆದು ಏರ್‌ಬ್ರಷ್ ಸೆಟ್ ಕೊಂಡುಕೊಂಡಿವೆ. ಒಳ್ಳೆಯ ಯೋಚನೆಯೇ. ಆದರೆ ಸಂಘಗಳ ಭೇಟಿಗೆ ಹೋದಾಗ ಅದೇ ಸೆಟ್ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಮೂಲೆಯಲ್ಲಿ ಕೂತಿರುವುದನ್ನು ನಾವು ಕಾಣುತ್ತೇವೆ. ಕೇಳಿದರೆ ಉತ್ತರ ಒಂದೇ: "ನಾಲ್ಕು ದಿನ ಚೆನ್ನಾಗಿತ್ತು ಸಿಸ್ಟರ್, ಆಮೇಲೆ ಹಾಳಾಯ್ತು."

ಮೆಷಿನು ನಿಂತರೂ ಸಾಲದ ಕಂತು ನಿಲ್ಲುವುದಿಲ್ಲ. ಅದಕ್ಕಿಂತ ಕಷ್ಟದ್ದು, ಯಾರ ಕೈಯಲ್ಲಿ ಹಾಳಾಯಿತು ಎಂಬ ಮಾತು. ವಾರದ ಸಭೆಯಲ್ಲಿ ಒಬ್ಬರು ಇನ್ನೊಬ್ಬರ ಮುಖ ನೋಡದೆ ಕೂರುವಷ್ಟು ಅದು ಬೆಳೆಯುತ್ತದೆ. ನಾವು ಕಂಡಂತೆ ಈ ಮೆಷಿನುಗಳಲ್ಲಿ ಹೆಚ್ಚಿನವು ಕೆಟ್ಟಿರುವುದೇ ಇಲ್ಲ. ಒಳಗೆ ಬಣ್ಣ ಒಣಗಿರುತ್ತದೆ, ಇಲ್ಲವೇ ಬಣ್ಣ ದಪ್ಪವಾಗಿರುತ್ತದೆ, ಅಥವಾ ಯಾವುದೋ ಒಂದು ತಿರುಪು ಸಡಿಲವಾಗಿರುತ್ತದೆ. ಆದ್ದರಿಂದ ರಿಪೇರಿಗೆ ಹಣ ಕೊಡುವ ನಿರ್ಣಯ ಬರೆಯುವ ಮೊದಲು ಇದನ್ನು ಓದಿ, ಮೆಷಿನು ಮುಂದಿಟ್ಟುಕೊಂಡು ನೋಡಿ.

ಸೊಳ್ಳೆಗೆ ಹೊಡೆಯುತ್ತಿದ್ದ ಹಳೆಯ ಫ್ಲಿಟ್ ಪಂಪು ನಿಮಗೆ ನೆನಪಿರಬಹುದು. ಗಾಳಿ ರಭಸದಿಂದ ಹೋಗುವಾಗ ದ್ರಾವಣವನ್ನು ಎಳೆದುಕೊಂಡು ಹನಿಹನಿ ಮಾಡಿ ಚೆಲ್ಲುತ್ತದೆ. ಏರ್‌ಬ್ರಷ್ ಕೂಡ ಅಷ್ಟೇ, ಆದರೆ ತುಂಬ ಸಣ್ಣದು. ಅದರ ನಾಜಲ್‌ನ ತೂತು ಸಾಮಾನ್ಯವಾಗಿ 0.3 ಮಿಲಿಮೀಟರ್. ಆ ತೂತಿನೊಳಗೆ ಒಂದು ಉದ್ದನೆಯ ಸೂಜಿ ಕೂತಿರುತ್ತದೆ, ಅದಕ್ಕೆ ನೀಡಲ್ ಅನ್ನುತ್ತೇವೆ. ಮೇಲಿನ ಟ್ರಿಗರ್ ಕೆಳಗೆ ಒತ್ತಿದರೆ ಗಾಳಿ ಬರುತ್ತದೆ. ಒತ್ತಿಕೊಂಡೇ ಹಿಂದಕ್ಕೆ ಎಳೆದರೆ ನೀಡಲ್ ಹಿಂದೆ ಸರಿದು ಬಣ್ಣಕ್ಕೆ ದಾರಿ ಬಿಡುತ್ತದೆ. ನಮ್ಮ ಸಂಘಗಳಲ್ಲಿರುವ ಹೆಚ್ಚಿನ ಸೆಟ್‌ಗಳು ಇದೇ ತರಹದವು. ಕೂದಲೆಳೆಯಷ್ಟು ಕಸ ಸಿಕ್ಕಿದರೂ ಏಕೆ ತೊಂದರೆ ಎಂದು ಈಗ ಅರ್ಥವಾಗಿರಬೇಕು.

ಮೊದಲನೆಯ ಪರೀಕ್ಷೆ ನೀರಿನದು. ಕಪ್ಪನ್ನು ತೊಳೆದು ಬರೀ ಶುದ್ಧ ನೀರು ಹಾಕಿ ಹಳೆಯ ಪೇಪರಿನ ಮೇಲೆ ಬಿಡಿ. ನೀರು ಮಂಜಿನ ಹಾಗೆ ಸಮನಾಗಿ ಬಂದರೆ ಮೆಷಿನು ಸರಿಯಿದೆ, ದೋಷ ಬಣ್ಣದಲ್ಲಿದೆ. ಗಾಳಿ ಮಾತ್ರ ಬಂದು ನೀರು ಬಾರದಿದ್ದರೆ ದೋಷ ನಾಜಲ್ ಅಥವಾ ನೀಡಲ್‌ನಲ್ಲಿ. ಗಾಳಿಯೇ ಬಾರದಿದ್ದರೆ ಕಂಪ್ರೆಸರ್, ಪೈಪು, ಜೋಡಣೆ ನೋಡಬೇಕು. ಈ ಒಂದು ನಿಮಿಷದ ಕೆಲಸ ಮಾಡದೆ ಎಲ್ಲವನ್ನೂ ಬಿಚ್ಚುವುದು ಬೇಡ.

ಬಣ್ಣದ ದೋಷವೇ ಹೆಚ್ಚು ಅಂತ ಹೇಳಿದೆವಲ್ಲ, ಅದನ್ನೇ ಮೊದಲು ನೋಡೋಣ. ಡಬ್ಬಿಯಿಂದ ತೆಗೆದ ಅಕ್ರಿಲಿಕ್ ಬಣ್ಣ ಗಟ್ಟಿ ಮೊಸರಿನ ಹಾಗಿರುತ್ತದೆ. ಏರ್‌ಬ್ರಷ್‌ಗೆ ಅದು ಹಾಲಿನಷ್ಟು ತೆಳು ಆಗಬೇಕು. ಸಣ್ಣ ಲೋಟದಲ್ಲಿ ಕಲಸಿ, ಲೋಟವನ್ನು ಒಮ್ಮೆ ಓರೆ ಮಾಡಿ. ಬದಿಯಲ್ಲಿ ತೆಳ್ಳನೆ ಪದರ ಬಿಟ್ಟು ಹಾಲಿನಂತೆ ಜಾರಿದರೆ ಸರಿ. ಅಂಟಿಕೊಂಡು ನಿಂತರೆ ದಪ್ಪ, ಏನೂ ಉಳಿಯದೆ ಇಳಿದರೆ ತೀರಾ ನೀರು. ಕಲಸುವುದು ಬೇರೆ ಲೋಟದಲ್ಲೇ ಆಗಲಿ, ಏರ್‌ಬ್ರಷ್‌ನ ಕಪ್ಪಿನಲ್ಲಿ ಬೇಡ. ಕಪ್ಪಿನ ತಳದಲ್ಲಿ ಕಲಸದ ಬಣ್ಣ ಹೋಗಿ ಕೂತರೆ ಅದೇ ಮೊದಲು ನಾಜಲ್‌ಗೆ ಇಳಿಯುತ್ತದೆ. ಬರೀ ನೀರು ಸೇರಿಸುತ್ತಾ ಹೋದರೆ ಬಣ್ಣದ ಅಂಟು ಗುಣ ಕಡಿಮೆಯಾಗಿ, ಒಣಗಿದ ಮೇಲೆ ಕೈಗೆ ಹತ್ತುತ್ತದೆ. ಅದೇ ಕಂಪನಿಯ ಥಿನ್ನರ್ ಅಥವಾ ಮೀಡಿಯಂ ಸಿಕ್ಕಿದರೆ ಅದನ್ನೇ ಬಳಸಿ. ಗೋಡೆಗೆ ಹೊಡೆಯುವ ಎಮಲ್ಷನ್ ಪೇಂಟು ಉಳಿದಿದೆ ಅಂತ ತಂದು ಹಾಕುವವರಿದ್ದಾರೆ. ಅದು ಈ ಸಣ್ಣ ತೂತಿಗೆ ಹೇಳಿಸಿದ್ದಲ್ಲ.

ಸೋಸುವುದನ್ನು ಬಿಡಬೇಡಿ. ಅಡಿಕೆ ತೋಟದಲ್ಲಿ ಕೆಲಸ ಮಾಡಿದ ಸದಸ್ಯೆಯರಿಗೆ ಇದನ್ನು ಕಲಿಸಬೇಕಾಗಿಲ್ಲ. ಮೈಲುತುತ್ತು-ಸುಣ್ಣದ ದ್ರಾವಣವನ್ನು ಬಟ್ಟೆಯಲ್ಲಿ ಸೋಸದೆ ಮದ್ದು ಬಿಡಲು ಹೋದರೆ ಮರದ ತುದಿಯಲ್ಲಿದ್ದವನು ಕೂಗಿಕೊಳ್ಳುತ್ತಾನೆ, ನಾಜಲ್ ಕಟ್ಟಿತು ಅಂತ. ಇಲ್ಲಿಯೂ ಹಳೆಯ ನೈಲಾನ್ ಬಟ್ಟೆಯಲ್ಲಿ ಒಮ್ಮೆ ಸೋಸಿ. ಚಿನ್ನ, ಬೆಳ್ಳಿ, ಮುತ್ತಿನ ಹೊಳಪಿನ ಬಣ್ಣಗಳಲ್ಲಿ ಕಣಗಳು ದೊಡ್ಡವು, 0.3ರಲ್ಲಿ ಮತ್ತೆ ಮತ್ತೆ ಕಟ್ಟುತ್ತವೆ. ಹಣತೆಗೆ ಚಿನ್ನದ ಬಣ್ಣವೇ ಹೆಚ್ಚು ಬೇಕಾಗುವ ಸಂಘಗಳು 0.5ರ ನಾಜಲ್ ಮತ್ತು ನೀಡಲ್ ಇಟ್ಟುಕೊಳ್ಳುವುದು ಒಳ್ಳೆಯದು. ಚೌತಿಗೆ ಗಣಪನ ಮೂರ್ತಿ ಮಾಡುವವರಿಗೂ ಇದೇ ಮಾತು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಯಂತೆ ನೀರಿಗೆ ಬಿಡುವ ಮೂರ್ತಿಗೆ ವಿಷಕಾರಿ ರಾಸಾಯನಿಕ ಬಣ್ಣ, ಆಯಿಲ್ ಪೇಂಟ್ ಬಳಸುವಂತಿಲ್ಲ, ಸಹಜ ಬಣ್ಣಗಳೇ ಆಗಬೇಕು. ಪುಡಿ ಕಲಸಿ ಮಾಡುವ ಅಂಥ ಬಣ್ಣವನ್ನು ಎರಡು ಸಲ ಸೋಸಿದರೂ ಹೆಚ್ಚಲ್ಲ.

ಇನ್ನೊಂದು ತೊಂದರೆ ಎಲ್ಲರನ್ನೂ ಕಾಡುವಂಥದ್ದು. ಹತ್ತು ನಿಮಿಷ ಚೆನ್ನಾಗಿ ಬರುತ್ತದೆ, ಆಮೇಲೆ ಬಣ್ಣ ಕಡಿಮೆಯಾಗುತ್ತದೆ, ಟ್ರಿಗರ್ ಇನ್ನೂ ಎಳೆದರೆ ಫಕ್ಕನೆ ಉಗುಳಿ ಹೂಕುಂಡದ ಮೇಲೆ ಮಚ್ಚೆ ಬೀಳುತ್ತದೆ. ಇದು ಮೆಷಿನಿನ ತಪ್ಪಲ್ಲ. ನೀಡಲ್‌ನ ತುದಿಯಲ್ಲಿ ಬಣ್ಣ ಒಣಗಿ ಸಣ್ಣ ಗಂಟು ಕಟ್ಟಿದೆ. ಅಕ್ರಿಲಿಕ್ ಬೇಗ ಒಣಗುವ ಬಣ್ಣ, ಅದರ ಮೇಲೆ ಗಾಳಿ ಬೇರೆ ಬೀಸುತ್ತಿರುತ್ತದೆ. ನಾವು ನೋಡಿದ ಕಡೆ ಸೆಕೆ ಅಂತ ನೆತ್ತಿಯ ಮೇಲೆ ಫ್ಯಾನು ಹಾಕಿಕೊಂಡು ಕೆಲಸ ಮಾಡುತ್ತಾರೆ, ಆಗ ಇನ್ನೂ ಬೇಗ ಒಣಗುತ್ತದೆ. ರಾಯಚೂರು, ಬಳ್ಳಾರಿ ಕಡೆಯ ಬೇಸಿಗೆಯಲ್ಲಂತೂ ಕೇಳುವುದೇ ಬೇಡ. ಪಕ್ಕದಲ್ಲಿ ಒಂದು ಬಟ್ಟಲು ನೀರು, ಒಂದು ಮೆತ್ತನೆಯ ಹಳೆಯ ಕುಂಚ ಇಟ್ಟುಕೊಳ್ಳಿ. ಆಗಾಗ ತುದಿಯನ್ನು ಒದ್ದೆ ಕುಂಚದಿಂದ ಒರೆಸಿ, ಹಳೆಯ ಬಟ್ಟೆಯ ಮೇಲೆ ಒಮ್ಮೆ ಜೋರಾಗಿ ಬಿಟ್ಟು, ಮತ್ತೆ ಕೆಲಸ ಮುಂದುವರಿಸಿ. ಒಣಗುವುದನ್ನು ನಿಧಾನ ಮಾಡುವ ರಿಟಾರ್ಡರ್ ಎಂಬ ದ್ರವ ಅಂಗಡಿಯಲ್ಲಿ ಸಿಗುತ್ತದೆ, ಕೆಲವು ಹನಿ ಸಾಕು. ಗುಂಡುಸೂಜಿ ಹಾಕಿ ತೂತು ಕೆದಕಬೇಡಿ. ನಾಜಲ್ ಅಷ್ಟು ಗಟ್ಟಿಯ ವಸ್ತುವಲ್ಲ, ಒಮ್ಮೆ ತೂತು ಅಗಲವಾದರೆ ಬಿಸಾಡಬೇಕಾದ್ದೇ.

ಕೈಯ ಅಭ್ಯಾಸವೂ ಮಚ್ಚೆಗೆ ಕಾರಣ. ಶುರು ಮಾಡುವಾಗ ಮೊದಲು ಗಾಳಿ, ನಂತರ ಬಣ್ಣ. ನಿಲ್ಲಿಸುವಾಗ ಮೊದಲು ಬಣ್ಣ ನಿಲ್ಲಿಸಿ, ಗಾಳಿ ಕೊನೆಗೆ. ಟ್ರಿಗರನ್ನು ಹಿಂದಿನಿಂದ ಟಪ್ ಅಂತ ಬಿಟ್ಟುಬಿಟ್ಟರೆ ತುದಿಯಲ್ಲಿ ಬಣ್ಣ ಉಳಿದು, ಮುಂದಿನ ಸಲ ಒತ್ತಿದಾಗ ಅದೇ ಹನಿಯಾಗಿ ಹಾರುತ್ತದೆ. ಹೊಸಬರು ಎರಡು ದಿನ ಪೇಪರಿನ ಮೇಲೆಯೇ ಗೆರೆ, ಚುಕ್ಕಿ ಎಳೆದು ಕಲಿಯಲಿ.

ಕಪ್ಪಿನಲ್ಲಿ ಗುಳುಗುಳು ಅಂತ ಗುಳ್ಳೆ ಬರುತ್ತಿದೆಯೇ? ಗಾಳಿ ಹೋಗಬೇಕಾದ ದಾರಿ ಬಿಟ್ಟು ಬಣ್ಣದೊಳಗೆ ನುಗ್ಗುತ್ತಿದೆ. ಮುಂದಿನ ಕ್ಯಾಪು ಸಡಿಲವಾಗಿರಬಹುದು, ನಾಜಲ್ ಸರಿಯಾಗಿ ಕೂತಿರಲಿಕ್ಕಿಲ್ಲ, ಅಥವಾ ಅದು ಸೀಳಿರಬಹುದು. ಮೊದಲು ಕೈಯಲ್ಲೇ ಬಿಗಿ ಮಾಡಿ ನೋಡಿ. ತಿರುಪಿನ ನಾಜಲ್ ಆದರೆ ಅದರ ಮರೆಗೆ ತುಸು ಜೇನುಮೇಣ ಸವರಿ ಕೂರಿಸಿದರೆ ಸಂದು ಮುಚ್ಚುತ್ತದೆ, ತುದಿಗೆ ಮಾತ್ರ ತಾಗಬಾರದು. ಸ್ಪ್ಯಾನರ್ ಹಿಡಿದು ಶಕ್ತಿ ತೋರಿಸಿದರೆ ನಾಜಲ್ ಸೀಳುತ್ತದೆ.

ಟ್ರಿಗರ್ ಎಳೆದರೂ ಬಣ್ಣ ಬರುವುದೇ ಇಲ್ಲವಾದರೆ ಹಿಂಬದಿಯ ಹಿಡಿ ಬಿಚ್ಚಿ, ನೀಡಲ್ ಹಿಡಿದುಕೊಳ್ಳುವ ಸಣ್ಣ ನಟ್ಟು ನೋಡಿ. ತೊಳೆದ ಮೇಲೆ ಅದನ್ನು ಬಿಗಿ ಮಾಡಲು ಮರೆತಿರುತ್ತಾರೆ. ಎಳೆಯದೆಯೇ ಬಣ್ಣ ಸೋರುತ್ತಿದ್ದರೆ ನೀಡಲ್ ಮುಂದಕ್ಕೆ ಪೂರ್ತಿ ಕೂತಿಲ್ಲ, ಅಥವಾ ಕಸ ಸಿಕ್ಕಿದೆ. ಬಣ್ಣ ಒಂದೇ ಬದಿಗೆ ಓರೆಯಾಗಿ ಬಂದರೆ ನೀಡಲ್‌ನ ತುದಿ ಬಾಗಿರಬಹುದು. ಹೊರತೆಗೆದು ಬೆರಳಿನ ಉಗುರಿನ ಮೇಲೆ ಮೆಲ್ಲನೆ ತಿರುಗಿಸುತ್ತಾ ಎಳೆದರೆ ತಾಗುತ್ತದೆಯೋ ಇಲ್ಲವೋ ಗೊತ್ತಾಗುತ್ತದೆ. ಬಾಗಿದ ನೀಡಲ್ಲನ್ನೇ ಒಳಗೆ ತಳ್ಳಿದರೆ ನಾಜಲ್ ಕೂಡ ಹೋಯಿತು, ಎರಡು ಖರ್ಚು.

ಬಣ್ಣ ವಸ್ತುವಿನ ಮೇಲೆ ಬಿದ್ದು ಜೇಡದ ಕಾಲಿನಂತೆ ಹರಡಿದರೆ ನೀವು ತೀರಾ ಹತ್ತಿರ ಹಿಡಿದಿದ್ದೀರಿ, ಅಥವಾ ಬಣ್ಣ ನೀರಾಗಿದೆ, ಇಲ್ಲವೇ ಗಾಳಿ ಜಾಸ್ತಿ. ಮರಳು ಮರಳಾಗಿ, ಮುಟ್ಟಿದರೆ ಒರಟಾಗಿ ಬಂದರೆ ಬಣ್ಣ ತಲುಪುವ ಮೊದಲೇ ಒಣಗಿದೆ, ಸ್ವಲ್ಪ ಹತ್ತಿರ ಬನ್ನಿ. ಹೂಕುಂಡಕ್ಕೆ ಸಾದಾ ಬಣ್ಣ ಕೊಡುವಾಗ ಅರ್ಧ ಗೇಣಿನಷ್ಟು ದೂರ, ಮೀಟರಿನಲ್ಲಿ 20 ಪಿ.ಎಸ್.ಐ. ಇಟ್ಟು ಶುರು ಮಾಡಿ, ಆಮೇಲೆ ಹೊಂದಿಸಿಕೊಳ್ಳಿ. ಒಂದೇ ಸಲ ದಪ್ಪಗೆ ಹೊಡೆಯದೆ ತೆಳುವಾಗಿ ಎರಡು ಮೂರು ಸಲ ಬಿಡಿ. ಸುಟ್ಟ ಮಣ್ಣಿನ ಮೇಲೆ ಧೂಳು ಇದ್ದೇ ಇರುತ್ತದೆ, ಒರೆಸಿಕೊಳ್ಳಿ. ಹಣತೆಯ ಒಳಗೆ, ಬತ್ತಿ ಉರಿಯುವ ಜಾಗಕ್ಕೆ ಬಣ್ಣ ಬೇಡ.

ಗಾಳಿಯ ವಿಷಯ. ಪೈಪಿನ ಜೋಡಣೆಯಲ್ಲಿ ಸೋರುತ್ತಿದೆಯೇ ಎಂದು ನೋಡಲು, ಗ್ಯಾಸ್ ಸಿಲಿಂಡರಿಗೆ ಮಾಡುವ ಹಾಗೆ ಸೋಪಿನ ನೀರು ಸವರಿ, ಗುಳ್ಳೆ ಬಂದಲ್ಲಿ ಬಿಗಿ ಮಾಡಿ. ಕರಾವಳಿಯ ಸಂಘಗಳಿಗೆ ಇನ್ನೊಂದು ಕಷ್ಟವಿದೆ. ಚೌತಿಯ ಹೊತ್ತಿಗೆ ಇನ್ನೂ ಮಳೆಗಾಲ, ಗಾಳಿಯಲ್ಲಿ ತೇವ ಹೆಚ್ಚು. ಕಂಪ್ರೆಸರಿನಲ್ಲಿ ಒತ್ತಿದ ಗಾಳಿಯಿಂದ ನೀರು ಬೇರ್ಪಟ್ಟು, ಬಣ್ಣದ ನಡುವೆ ಬರೀ ನೀರಿನ ಹನಿ ಹಾರುತ್ತದೆ. ಕಂಪ್ರೆಸರಿನ ಪಕ್ಕದಲ್ಲಿ ನೀರು ಹಿಡಿಯುವ ಸಣ್ಣ ಗಾಜಿನಂಥ ಬಟ್ಟಲು ಇದ್ದರೆ ಅದನ್ನು ಆಗಾಗ ಖಾಲಿ ಮಾಡಿ, ಟ್ಯಾಂಕ್ ಇರುವವರು ದಿನದ ಕೊನೆಗೆ ಕೆಳಗಿನ ತಿರುಪು ಬಿಚ್ಚಿ ನೀರು ಬಿಡಿ. ಕೈ ಇಡಲಾಗದಷ್ಟು ಕಂಪ್ರೆಸರ್ ಬಿಸಿಯಾದರೆ ಆರಲು ಬಿಡಿ.

ಇಷ್ಟೆಲ್ಲ ತೊಂದರೆಯಲ್ಲಿ ಅರ್ಧಕ್ಕೂ ಹೆಚ್ಚು ತೊಳೆಯದೆ ಬಿಡುವುದರಿಂದಲೇ ಬರುತ್ತದೆ. ಬಣ್ಣ ಬದಲಿಸುವಾಗಲೆಲ್ಲ ಕಪ್ಪು ಒರೆಸಿ, ನೀರು ಹಾಕಿ, ಬಣ್ಣ ಹೋಗುವ ತನಕ ಬಿಡಿ. ನಾಜಲ್‌ನ ತುದಿಯನ್ನು ಬಟ್ಟೆಯಿಂದ ಮೆಲ್ಲನೆ ಮುಚ್ಚಿ ಟ್ರಿಗರ್ ಎಳೆದರೆ ಗಾಳಿ ಹಿಂದಕ್ಕೆ ತಳ್ಳಿ ಒಳಗಿನ ಬಣ್ಣ ಕಪ್ಪಿಗೆ ಎದ್ದು ಬರುತ್ತದೆ, ಅದನ್ನು ಚೆಲ್ಲಿ. ಕೆಲಸ ಮುಗಿದ ಮೇಲೆ ನೀಡಲ್ ಹಿಂದಿನಿಂದ ತೆಗೆದು, ಬುಡದಿಂದ ತುದಿಯ ಕಡೆಗೆ ಒರೆಸಬೇಕು. ಬಿಚ್ಚುವಾಗ ಅಗಲದ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿಕೊಳ್ಳಿ. ನಾಜಲ್ ಅಕ್ಕಿಕಾಳಿನಷ್ಟು ಚಿಕ್ಕದು, ಬಚ್ಚಲಿನ ತೂತಿಗೆ ಹೋದರೆ ಹುಡುಕುವುದು ಯಾರು? ಇಡೀ ಏರ್‌ಬ್ರಷ್ಷನ್ನು ಥಿನ್ನರಿನಲ್ಲಿ ಮುಳುಗಿಸಿಡಬೇಡಿ, ಒಳಗಿನ ರಬ್ಬರ್ ಬಳೆಗಳು ಉಬ್ಬಿ ಹಾಳಾಗುತ್ತವೆ.

ಉಸಿರಿನ ಮಾತು ಹೇಳದೆ ಮುಗಿಸುವಂತಿಲ್ಲ. ನೀರಿನ ಬಣ್ಣವೆಂದು ಸಸಾರ ಮಾಡಬೇಡಿ, ಆ ಮಂಜು ಶ್ವಾಸಕೋಶಕ್ಕೆ ಇಳಿಯುತ್ತದೆ. ಎನ್-95 ಮಾಸ್ಕ್ ಹಾಕಿ, ಕಿಟಕಿ ಬಾಗಿಲು ತೆರೆದಿರಲಿ, ಸೆರಗು ಮುಚ್ಚಿಕೊಂಡರೆ ಸಾಲದು. ಎನಾಮೆಲ್, ಥಿನ್ನರ್ ಬಳಸಿದರೆ ಎನ್-95 ಕೂಡ ಆ ಆವಿಯನ್ನು ತಡೆಯುವುದಿಲ್ಲ, ಒಲೆ ಹತ್ತಿರವಿದ್ದರೆ ಬೆಂಕಿಯ ಅಪಾಯವೂ ಇದೆ. ಅಂಥ ಬಣ್ಣ ಮನೆಯೊಳಗೆ ಬೇಡವೇ ಬೇಡ. ಎಳೆಯ ಮಕ್ಕಳು ಪಕ್ಕದಲ್ಲಿ ಆಡದಿರಲಿ. ಹಾಗೆಯೇ ಕೇಕ್ ಮಾಡುವ ಸದಸ್ಯೆಯರು ತಿನ್ನುವ ಬಣ್ಣಕ್ಕೆ ಬೇರೆಯೇ ಏರ್‌ಬ್ರಷ್ ಇಟ್ಟುಕೊಳ್ಳಬೇಕು. ಮಣ್ಣಿನ ಕೆಲಸಕ್ಕೆ ಬಳಸಿದ್ದನ್ನು ಎಷ್ಟು ತೊಳೆದರೂ ಕೇಕಿಗೆ ಬಳಸುವಂತಿಲ್ಲ.

ಸಂಘದ ಮೆಷಿನು ಹಲವರ ಕೈಗೆ ಹೋಗುವುದರಿಂದ ಒಂದು ನೂರು ಪುಟದ ನೋಟ್ ಬುಕ್ ಅದರ ಜೊತೆಗೇ ಇಡಿ. ಒಯ್ದವರ ಹೆಸರು, ದಿನ, ಹಿಂದಿರುಗಿಸುವಾಗ ನೀರು ಬಿಟ್ಟು ಪರೀಕ್ಷಿಸಿದ್ದು, ಇಬ್ಬರ ಸಹಿ. ಕೊಡುವವರು, ತೆಗೆದುಕೊಳ್ಳುವವರು ಇಬ್ಬರೂ ಎದುರಿಗೇ ನೀರು ಬಿಟ್ಟು ನೋಡಿದರೆ ಜಗಳಕ್ಕೆ ಜಾಗವಿಲ್ಲ. ಹಬ್ಬದ ಆರ್ಡರ್ ಶುರುವಾಗುವ ಮೊದಲೇ ಒಂದು ನಾಜಲ್, ಒಂದು ನೀಡಲ್ ಹೆಚ್ಚಿಗೆ ತಂದಿಡಿ. ಅಂಗಡಿಗೆ ಹೋಗುವಾಗ ಹಳೆಯದನ್ನು ಪೊಟ್ಟಣ ಕಟ್ಟಿ ಜೊತೆಗೆ ಒಯ್ಯಿರಿ, ಮಾಡೆಲ್ ನಂಬರ್ ಬರೆದುಕೊಳ್ಳಿ. 0.3ರ ನಾಜಲ್‌ಗೆ 0.3ರ ನೀಡಲ್ಲೇ ಆಗಬೇಕು, ಒಂದು ಕಂಪನಿಯದು ಇನ್ನೊಂದಕ್ಕೆ ಕೂರುತ್ತದೆಂಬ ಭರವಸೆ ಇಲ್ಲ.