ಜಗಲಿಯಿಂದ ಒಂದು, ಅರಮನೆಯಿಂದ ಇನ್ನೊಂದು

ಚನ್ನಪಟ್ಟಣದ ಬೊಂಬೆ ಅಂಗಡಿಗಳಲ್ಲಿ ಕುದುರೆ, ಬುಗುರಿ, ಗಿಲಕಿಗಳ ಸಾಲಿನಲ್ಲೇ ಆಟದ ಕಾಯಿಗಳೂ ಇರುತ್ತವೆ. ದುಂಡು ತಲೆ, ಅಗಲ ಬುಡ, ಮೈತುಂಬ ಅರಗಿನ ಹೊಳಪು. ನಾಲ್ಕು ಬಣ್ಣ, ಬಣ್ಣಕ್ಕೆ ನಾಲ್ಕರಂತೆ ಹದಿನಾರು ಕಾಯಿ. ಇವನ್ನೇ ಕಟ್ಟೆಮನೆಯ ಮೇಲಿಟ್ಟರೆ ಚೌಕಾಬಾರ, ಪಗಡೆ ಹಾಸಿನ ಮೇಲಿಟ್ಟರೆ ಪಗಡೆ. ಎರಡೂ ಆಟಗಳಿಗೆ ಕಾಯಿ ಒಂದೇ ಆದರೂ ಅವು ಬಂದ ದಾರಿ ಒಂದೇ ಅಲ್ಲ. ಒಂದು ಜಗಲಿಯ ನೆಲದಿಂದ ಎದ್ದು ಬಂತು, ಇನ್ನೊಂದು ಅರಮನೆಯ ಹಾಸಿನಿಂದ ಇಳಿದು ಬಂತು.

ಚೌಕಾಬಾರಕ್ಕೆ ಹಳೇ ಮೈಸೂರಿನ ಮನೆಗಳಲ್ಲಿ ಏನನ್ನೂ ಕೊಂಡು ತರಬೇಕಾಗಿರಲಿಲ್ಲ. ನೆಲದ ಮೇಲೆ ಸೀಮೆಸುಣ್ಣದಲ್ಲೋ ಇದ್ದಿಲಿನಲ್ಲೋ ಅಡ್ಡ ಐದು, ಉದ್ದ ಐದು, ಒಟ್ಟು 25 ಮನೆ ಬರೆದು, ನಾಲ್ಕು ಬದಿಯ ನಡುಮನೆಗಳಿಗೂ ಮಧ್ಯದ ಮನೆಗೂ ಕತ್ತರಿ ಗೆರೆ ಎಳೆದು ಕಟ್ಟೆ ಮಾಡಿದರೆ ಆಟ ಸಿದ್ಧ. ಒಬ್ಬರಿಗೆ ಬಳೆಚೂರು, ಇನ್ನೊಬ್ಬರಿಗೆ ಹುಣಸೆ ಬೀಜ, ಮತ್ತೊಬ್ಬರಿಗೆ ಕಲ್ಲುಹರಳು, ಕೈಗೆ ಸಿಕ್ಕಿದ್ದೇ ಕಾಯಿ. ಗರ ಹಾಕಲು ನಾಲ್ಕು ಕವಡೆ. ಕವಡೆ ಇಲ್ಲದ ಮನೆಯಲ್ಲಿ ಹುಣಸೆ ಬೀಜವನ್ನು ಒಂದು ಮಗ್ಗುಲು ಕಲ್ಲಿಗೆ ಉಜ್ಜಿ ಬೆಳ್ಳಗೆ ಮಾಡಿಕೊಳ್ಳುತ್ತಿದ್ದರು. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ, ಅಂದರೆ ಎಂಟು. ಎರಡಕ್ಕೂ ಇನ್ನೊಂದು ಗರ ಸಿಗುತ್ತದೆ.

ಈ ಆಟದ ಬಿಸಿ ಇರುವುದು ಅದರ ಇಕ್ಕಟ್ಟಿನಲ್ಲಿ. ಮನೆಯಿಂದ ಹೊರಟ ಕಾಯಿ ಹೊರಸುತ್ತು ಮುಗಿಸಿ, ಒಳಸುತ್ತಿಗೆ ತಿರುಗಿ, ನಡುಮನೆ ಸೇರಿ ಹಣ್ಣಾಗಲು ಇಡಬೇಕಾದದ್ದು 24 ಹೆಜ್ಜೆ ಮಾತ್ರ. ಅಷ್ಟರಲ್ಲೇ ಮೂವರು ಎದುರಾಳಿಗಳ ಹನ್ನೆರಡು ಕಾಯಿಗಳ ಕಣ್ಣು ತಪ್ಪಿಸಬೇಕು. ಒಬ್ಬರ ಕಾಯಿಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ ಎನ್ನುವ ನಿಯಮ ಹಲವು ಕಡೆ ಇದೆ. ಹಾಗಾಗಿ ಎಷ್ಟೇ ಸಾಧು ಸ್ವಭಾವದವರೂ ಇಲ್ಲಿ ಒಮ್ಮೆ ಕೈ ಎತ್ತಲೇಬೇಕು. ತನ್ನದೇ ಎರಡು ಕಾಯಿ ಒಂದು ಮನೆಯಲ್ಲಿ ಕೂಡಿದರೆ ಗಟ್ಟಿ. ಗಟ್ಟಿಯನ್ನು ಕಡಿಯಲು ಎದುರಾಳಿಯೂ ಗಟ್ಟಿ ಕಟ್ಟಿಕೊಂಡು ಬರಬೇಕು. ನಾಲ್ಕು ಕಾಯಿಗಳಲ್ಲಿ ಯಾವುದನ್ನು ಮುಂದೆ ಬಿಡುವುದು, ಯಾವೆರಡನ್ನು ಜೊತೆಯಾಗಿ ನಡೆಸುವುದು, ಯಾವುದನ್ನು ಕಟ್ಟೆಯಲ್ಲಿ ಕಾಯಿಸುವುದು ಎಂಬ ಲೆಕ್ಕವನ್ನು ಇಲ್ಲಿ ಒಬ್ಬೊಬ್ಬರೂ ತಮಗೆ ತಾವೇ ಹಾಕಿಕೊಳ್ಳುತ್ತಾರೆ.

ಪಗಡೆಯಲ್ಲಿ ಆ ಲೆಕ್ಕ ಇಬ್ಬರದು.

ಕೂಡುರಸ್ತೆಯ ಆಕಾರದ ಹಾಸು, ನಾಲ್ಕು ತೋಳು, ತೋಳಿಗೆ 24ರಂತೆ 96 ಮನೆ. ಎದುರುಬದುರು ಕೂತವರು ಒಂದೇ ಪಕ್ಷ. ನಡುವಿನಿಂದ ಇಳಿದ ಕಾಯಿ ಹಾಸನ್ನೆಲ್ಲ ಸುತ್ತಿ ಮರಳಲು 80ಕ್ಕೂ ಹೆಚ್ಚು ಹೆಜ್ಜೆ ಹಾಕಬೇಕು. ಕವಡೆಯ ಬದಲು ನಾಲ್ಕು ಮುಖದ ಉದ್ದನೆಯ ದಾಳಗಳು ಉರುಳುತ್ತವೆ. ತನ್ನ ನಾಲ್ಕೂ ಕಾಯಿ ಹಣ್ಣಾದವೆಂದು ಯಾರೂ ಎದ್ದು ಹೋಗುವಂತಿಲ್ಲ, ಜೊತೆಗಾರರ ಕಾಯಿಗಳೂ ಮನೆ ಸೇರಿದಾಗಲೇ ಗೆಲುವು. ಹಾಗಾಗಿ ಪಳಗಿದ ಆಟಗಾರರು ತಮ್ಮ ಕಾಯಿಯನ್ನು ಬೇಕೆಂದೇ ಹಿಂದೆ ಉಳಿಸಿಕೊಂಡು, ಎದುರು ಪಕ್ಷದ ದಾರಿ ಕಟ್ಟಿ, ಜೊತೆಗಾರರಿಗೆ ಬಿಡುವು ಮಾಡಿಕೊಡುತ್ತಾರೆ.

ಅರಮನೆಗಳು ಈ ಆಟವನ್ನು ಮೆಚ್ಚಿಕೊಂಡದ್ದಕ್ಕೆ ಗುರುತುಗಳು ಉಳಿದಿವೆ. ಫತೇಪುರ ಸಿಕ್ರಿಯ ಅಂಗಳದಲ್ಲಿ ಇದೇ ಬಳಗದ ಪಚ್ಚೀಸಿಯ ಮನೆಗಳನ್ನು ಕಲ್ಲಿನಲ್ಲೇ ಹಾಸಲಾಗಿದೆ. ಅದೇ ಬಳಗದ ಚೌಪಡ ಆಟದ ವಿವರವನ್ನು ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬರೆದಿಟ್ಟಿದ್ದಾನೆ. ಕನ್ನಡ ನಾಡಿಗೆ ಬಂದರೆ ಮುಮ್ಮಡಿ ಕೃಷ್ಣರಾಜ ಒಡೆಯರಷ್ಟು ಆಟದ ಹುಚ್ಚು ಹಚ್ಚಿಕೊಂಡ ಅರಸ ಇನ್ನೊಬ್ಬರಿಲ್ಲ. 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕೈಗೆತ್ತಿಕೊಂಡ ಮೇಲೆ, 1868ರಲ್ಲಿ ತೀರಿಕೊಳ್ಳುವವರೆಗೂ ಅವರು ಕಲೆ, ಗ್ರಂಥ, ಆಟಗಳಲ್ಲಿ ಮುಳುಗಿದರು. ತಮ್ಮ ಗ್ರಂಥ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಒಂದಾದ ಕೌತುಕನಿಧಿಯಲ್ಲಿ ಆಟಗಳಿಗೂ ಜಾಗ ಕೊಟ್ಟರು. ಅವರ ಕಾಲದ ಆಟದ ಚಿತ್ರಗಳನ್ನು ಮೈಸೂರಿನ ಜಗನ್ಮೋಹನ ಅರಮನೆಯ ಗೋಡೆಗಳ ಮೇಲೆ ಇಂದಿಗೂ ನೋಡಬಹುದು.

ಸಮುದ್ರ ದಾಟಿದಾಗ ಆಟಕ್ಕೆ ಕತ್ತರಿ ಬಿತ್ತು. 1896ರಲ್ಲಿ ಇಂಗ್ಲೆಂಡಿನಲ್ಲಿ ಪೇಟೆಂಟ್ ಪಡೆದ ಲೂಡೊ ಪಚ್ಚೀಸಿಯ ಹಾಸನ್ನು ಉಳಿಸಿಕೊಂಡು ಜೊತೆಗಾರಿಕೆಯನ್ನು ಕೈಬಿಟ್ಟಿತು. ದಾಳವೂ ಒಂದೇ ಆಯಿತು. 2020ರ ಲಾಕ್‌ಡೌನ್‌ನಲ್ಲಿ ‘ಲೂಡೊ ಕಿಂಗ್’ ಆ್ಯಪ್ ಮೂಲಕ ದೇಶವೆಲ್ಲ ಆಡಿದ್ದು ಈ ಕಿರಿದಾದ ರೂಪವನ್ನು. ಮೂಲದಲ್ಲಿದ್ದ ‘ನಿನ್ನ ಕಾಯಿ ನಾನು ಕಾಯುತ್ತೇನೆ’ ಎಂಬ ಒಪ್ಪಂದ ಆ ತಲೆಮಾರಿಗೆ ಸಿಗಲೇ ಇಲ್ಲ.

ಅದೇ ತಲೆಮಾರಿಗೆ ಆ ಸುಖ ಕೊಟ್ಟದ್ದು ಬೇರೊಂದು ಕಡೆಯಿಂದ ಬಂದ ಆಟಗಳು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ರೂಪಿಸಿದ ‘ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್’ನಲ್ಲಿ ಗೆಳೆಯರು ಒಂದು ತಂಡವಾಗಿ ಸಾಹಸಕ್ಕೆ ಹೊರಡುತ್ತಾರೆ, ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುತ್ತಾರೆ, ಗೆಲುವು ಸೋಲು ದಾಳದ ಮೇಲಿರುತ್ತದೆ. 1998ರ ಕಂಪ್ಯೂಟರ್ ಆಟ ‘ಬಾಲ್ಡರ್ಸ್ ಗೇಟ್’ನಲ್ಲಿ ಆ ತಂಡಕ್ಕೆ ಆರು ಜನ. ದಾಳ ಉರುಳುವುದೆಲ್ಲ ಯಂತ್ರದ ಒಳಗೆ, ಆಡುವವರಿಗೆ ಕಾಣುವುದು ಏಟಿನ ಫಲ. 2023ರ ‘ಬಾಲ್ಡರ್ಸ್ ಗೇಟ್ 3’ರಲ್ಲಿ ತಂಡ ನಾಲ್ಕಕ್ಕೆ ಇಳಿಯಿತು. ಸರದಿಯ ಮೇಲೆ ಕಾದಾಟ ನಡೆಯುತ್ತದೆ. ಮಾತಿನಲ್ಲಿ ಒಲಿಸುವಂಥ ಘಳಿಗೆಗಳಲ್ಲಿ ಇಪ್ಪತ್ತು ಮುಖದ ದಾಳ ಪರದೆಯ ಮೇಲೇ ಉರುಳುತ್ತದೆ. ಪಗಡೆಯಿಂದ ಇವು ಹುಟ್ಟಿದವು ಎಂದಲ್ಲ. ಆದರೆ ದಾಳ ಕಣ್ಣೆದುರು ಉರುಳಬೇಕು, ಪಕ್ಕದಲ್ಲಿ ನಮ್ಮವರಿರಬೇಕು ಎಂಬ ಆಸೆ ಎರಡೂ ಕಡೆ ಒಂದೇ.

ಇನ್ನು ಚನ್ನಪಟ್ಟಣದ ಪಾತ್ರ. ಟಿಪ್ಪು ಸುಲ್ತಾನ್ ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿ ಇಲ್ಲಿನವರಿಗೆ ಅರಗಿನ ಕೆಲಸ ಕಲಿಸಿದ ಎಂಬುದು ಊರಿನ ನಂಬಿಕೆ. ಕಸುಬಿಗೆ ಹೊಸ ವಿಧಾನ ತಂದವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. ಆಲೆ ಮರದ ತುಂಡನ್ನು ಚೆನ್ನಾಗಿ ಒಣಗಿಸಿ, ಕಡಚಲು ಯಂತ್ರಕ್ಕೆ ಸಿಕ್ಕಿಸಿ, ತಿರುಗುವಾಗ ಉಳಿ ಹಿಡಿದು ರೂಪ ಕೊಡುತ್ತಾರೆ. ಆಮೇಲೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದರೆ ಉಜ್ಜಾಟದ ಕಾವಿಗೇ ಅರಗು ಕರಗಿ ಮರಕ್ಕೆ ಹತ್ತುತ್ತದೆ. ಕೇದಗೆಯ ಗರಿಯಿಂದ ಒತ್ತಿ ಉಜ್ಜಿದಾಗ ಬಣ್ಣ ಸಮನಾಗಿ ಹರಡಿ ಹೊಳೆಯುತ್ತದೆ.

ಪಗಡೆಯ ದುಂಡು ಕಾಯಿಗೆ ಈ ಯಂತ್ರ ಹೇಳಿ ಮಾಡಿಸಿದ್ದು. ಆದರೆ ಒಂದೇ ಕಾಯಿ ಚಂದ ಬಂದರೆ ಸಾಲದು, ಹದಿನಾರೂ ಒಂದೇ ಎತ್ತರಕ್ಕೆ, ಒಂದೇ ದಪ್ಪಕ್ಕೆ ಬರಬೇಕು. ಕೈಕೆಲಸದಲ್ಲಿ ಅಳತೆ ತಪ್ಪದಂತೆ ನೋಡಿಕೊಳ್ಳುವುದು ಕಣ್ಣು ಮತ್ತು ಬೆರಳಿನ ಅಭ್ಯಾಸ. ಬೊಂಬೆಯ ಕಿವಿ ತುಸು ಓರೆಯಾದರೆ ಮಗು ಗಮನಿಸದು, ಆಟದ ಕಾಯಿ ಓರೆಯಾದರೆ ನಾಲ್ವರೂ ಗಮನಿಸುತ್ತಾರೆ.

ಚೌಕಾಬಾರಕ್ಕೆ ಅಂಗಡಿಯ ಕಾಯಿ ಬೇಕಾದದ್ದು ಮನೆಗಳು ಬದಲಾದ ಮೇಲೆ. ಟೈಲ್ಸ್ ನೆಲದ ಮೇಲೆ ಗೆರೆ ಎಳೆಯಲು ಯಾರೂ ಬಿಡುವುದಿಲ್ಲ, ಒಡೆದ ಬಳೆಯನ್ನು ಎತ್ತಿಡುವ ರೂಢಿಯೂ ಹೋಯಿತು. ಇದೇ ಕಾಲಕ್ಕೆ ಹಳೆಯ ಆಟಗಳನ್ನು ಹುಡುಕಿ ತೆಗೆಯುವವರು ಮುಂದೆ ಬಂದರು. ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ‘ಕ್ರೀಡಾ ಕೌಶಲ್ಯ’ ಎಂಬ ಹೆಸರಿನಲ್ಲಿ ಆಟದ ಹಾಸು, ಕಾಯಿ, ದಾಳಗಳ ಪ್ರದರ್ಶನಗಳನ್ನು ನಡೆಸಿತು. ಬೆಂಗಳೂರಿನ ‘ಕವಡೆ’ ಈ ಆಟಗಳನ್ನು ಕಲಿಸುತ್ತ, ಮಾರುತ್ತ ಬಂದಿದೆ. ಬರೆದು ಅಳಿಸುತ್ತಿದ್ದ ಕಟ್ಟೆಮನೆ ಹೀಗೆ ಬಟ್ಟೆಯ ಮೇಲೆ, ಮರದ ಹಲಗೆಯ ಮೇಲೆ ನಿಂತಿತು.

ಕಸುಬಿಗೂ ಈ ಬೇಡಿಕೆ ಬೇಕಿತ್ತು. ಅಗ್ಗದ ಪ್ಲಾಸ್ಟಿಕ್ ಆಟಿಕೆಗಳು ಪೇಟೆ ತುಂಬಿದ್ದವು. ಭೌಗೋಳಿಕ ಸೂಚಕದ ಮನ್ನಣೆ ಸಿಕ್ಕಿದರೂ ಅಂಗಡಿಗೆ ಗಿರಾಕಿ ಬರಬೇಕಲ್ಲ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೋಗುತ್ತದೆ. ಹಳೆಯ ರಸ್ತೆಯಲ್ಲಿ ಕಾರು ನಿಲ್ಲಿಸಿ ಬೊಂಬೆ ಕೊಳ್ಳುತ್ತಿದ್ದವರು ಈಗ ಊರಿಗೆಂದೇ ತಿರುಗಿ ಬರಬೇಕು.

ಹಾಗೆ ಬರುವವರಿಗೆ ಎರಡು ಮಾತು. ಮನೆಯಲ್ಲಿ ಇಬ್ಬರೇ ಇದ್ದರೆ, ಪುಟ್ಟ ಮಕ್ಕಳಿದ್ದರೆ ಚೌಕಾಬಾರವೇ ಸರಿ, ಆಟ ಬೇಗ ಮುಗಿಯುತ್ತದೆ. ನಾಲ್ವರು ಕೂರುವಂತಿದ್ದು, ಸಂಜೆಯೆಲ್ಲ ಬಿಡುವಿದ್ದರೆ ಪಗಡೆ ಹಾಸಬಹುದು. ಕೊಳ್ಳುವಾಗ ಹದಿನಾರು ಕಾಯಿಗಳನ್ನೂ ಸಾಲಾಗಿ ನಿಲ್ಲಿಸಿ ಎತ್ತರ ನೋಡಿ, ಬುಡ ಅಲ್ಲಾಡುವುದನ್ನು ಬದಲಿಸಿಕೊಳ್ಳಿ. ಶಿವರಾತ್ರಿಯ ಜಾಗರಣೆಗೆ ಆಡುವ ಯೋಚನೆಯಿದ್ದರೆ ನಿಯಮಗಳನ್ನು ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು. ಕಡಿಯದೆ ಒಳಸುತ್ತಿಗೆ ಹೋಗಬಹುದೇ ಎಂಬ ಪ್ರಶ್ನೆಗೆ ಮಾಗಡಿಯ ಅಜ್ಜಿಯೂ ಕನಕಪುರದ ಅಜ್ಜಿಯೂ ಒಂದೇ ಉತ್ತರ ಕೊಡುತ್ತಾರೆಂಬ ಖಾತ್ರಿಯಿಲ್ಲ.