ಬೆರಳಿಗೆ ಬರೆದ ಗೋಡೆ

ನಂಜನಗೂಡಿನಿಂದ ರೈಲಿನಲ್ಲಿ ಮೈಸೂರಿಗೆ ಬಂದಿಳಿಯುವವರು ನಿಲ್ದಾಣದಲ್ಲಿ ಉಬ್ಬುಚುಕ್ಕೆಗಳ ಫಲಕಗಳನ್ನು ಕಂಡಿರಬಹುದು. 2015ರಲ್ಲಿ ಅಂಧ ಪ್ರಯಾಣಿಕರಿಗಾಗಿ ಅಳವಡಿಸಿದ ಬ್ರೈಲ್ ಬರಹಗಳವು. ಕಂಡವರು ಓದಲಾರರು, ಓದಬಲ್ಲವರು ಕಾಣಲಾರರು. ಈ ವೈಚಿತ್ರ್ಯವನ್ನೇ ಫ್ರಾನ್ಸಿನ ನಾಂತ್ ನಗರದ ಕಲಾವಿದನೊಬ್ಬ ತನ್ನ ವಸ್ತುವಾಗಿಸಿಕೊಂಡಿದ್ದಾನೆ. ‘ದಿ ಬ್ಲೈಂಡ್’ ಎಂಬ ಹೆಸರಿನಲ್ಲಿ ಅವನು ಬೀದಿಗೋಡೆಗಳಿಗೆ ಪ್ಲಾಸ್ಟರಿನ ಅರೆಗೋಲಗಳನ್ನು ಅಂಟಿಸಿ ಬ್ರೈಲಿನಲ್ಲಿ ಬರೆಯುತ್ತಾನೆ.

ಆದರೆ ಇಲ್ಲೊಂದು ತೊಡಕುಂಟು. ಲೂಯಿ ಬ್ರೈಲ್ (1809–1852) ರೂಪಿಸಿದ ಲಿಪಿಯ ಮರ್ಮವೇ ಅದರ ಅಳತೆ. ಆರು ಚುಕ್ಕೆಗಳ ಒಂದು ಮನೆ ಬೆರಳತುದಿಯಡಿ ಒಮ್ಮೆಗೇ ಅಡಗಬೇಕು. ಚುಕ್ಕೆಯಿಂದ ಚುಕ್ಕೆಗೆ ಸುಮಾರು 2.5 ಮಿಲಿಮೀಟರ್ ಅಂತರ. ಚುಕ್ಕೆಯೇ ಅಂಗೈಯಗಲವಾದರೆ ಅದು ಓದಲ್ಲ, ತಡಕಾಟ. ಕನ್ನಡಕ್ಕಂತೂ ಇನ್ನಷ್ಟು ಉದ್ದದ ಗೋಡೆ ಬೇಕು. ಭಾರತಿ ಬ್ರೈಲಿನಲ್ಲಿ ಒತ್ತು ಕೆಳಗಿಳಿಯದು, ಗುಡಿಸು ತಲೆಯೇರದು. ಎಲ್ಲವೂ ಸಾಲಾಗಿಯೇ ನಡೆಯಬೇಕು. ‘ಕಿ’ ಎಂಬ ಒಂದಕ್ಷರಕ್ಕೆ ಎರಡು ಮನೆ!

ಮುಟ್ಟಿ ಅರಿಯುವ ಕಲೆ ನಮ್ಮಲ್ಲಿಲ್ಲವೆಂದಲ್ಲ. ತಿ. ನರಸೀಪುರ ತಾಲ್ಲೂಕಿನ ಸೋಮನಾಥಪುರದಲ್ಲಿ, 1268ರ ಕೇಶವ ದೇಗುಲದ ಗೋಡೆಯ ಬುಡದಲ್ಲಿ ಆನೆಗಳ ಸಾಲು, ಅದರ ಮೇಲೆ ಕುದುರೆಗಳ ಸಾಲು. ಕಣ್ಣಿಲ್ಲದವನೂ ಸೊಂಡಿಲನ್ನು ಗುರುತಿಸಿಯಾನು. ಆದರೆ ಬಳಪದ ಕಲ್ಲು ಮೃದು. ಕೈ ಸೋಕಿದಷ್ಟೂ ಸವೆಯುತ್ತದೆ. ಅದನ್ನು ಮುಟ್ಟದೆ ಕಾಯಬೇಕಾದ್ದು ನ್ಯಾಯವೇ.

ಬೀದಿಗೋಡೆಗೆ ಆ ಅಂಜಿಕೆಯಿಲ್ಲ. ನಂಜನಗೂಡಿನ ತೇರಿನ ಬೀದಿಯಲ್ಲಿ ಯಾರಾದರೂ ಅಂಥದೊಂದು ಚಿತ್ರ ಬರೆಸುವುದಾದರೆ, ಎದೆಯೆತ್ತರದಲ್ಲಿ ಬೆರಳಳತೆಯ ಒಂದು ಸಾಲಿರಲಿ. ಗೋಡೆ ಎಲ್ಲಿದೆಯೆಂದು ಪಾದಕ್ಕೆ ತಿಳಿಸುವ ಉಬ್ಬುಕಲ್ಲು ನೆಲದಲ್ಲಿರಲಿ. ಬ್ರೈಲ್ ಬಲ್ಲವರೊಬ್ಬರು ಓದಿ ತಿದ್ದಿದ ಮೇಲೆಯೇ ಬಣ್ಣ ಬೀಳಲಿ.