ಎರಡು ಪಿಚ್‌ಗಳ ನಡುವೆ ಒಂದು ಟ್ವೀಟ್

ಬಾಸ್ಟನ್‌ನ ಫೆನ್‌ವೇ ಪಾರ್ಕ್, 1912ರಿಂದ ಬೇಸ್‌ಬಾಲ್ ನಡೀತಿರೋ ಮೈದಾನ. ನೀವು ಕಾಲೇಜು ವಿದ್ಯಾರ್ಥಿ, ಗ್ಯಾಲರಿಯಲ್ಲಿ ಕೂತು ಪಂದ್ಯವನ್ನ ಲೈವ್ ಟ್ವೀಟ್ ಮಾಡ್ಬೇಕು. ಸಮಯ ಎಷ್ಟಿದೆ ಗೊತ್ತಾ?

2023ರಲ್ಲಿ ಮೇಜರ್ ಲೀಗ್‌ಗೆ ಪಿಚ್ ಕ್ಲಾಕ್ ಬಂತು. ಬೇಸ್‌ಗಳು ಖಾಲಿ ಇದ್ರೆ ಪಿಚರ್‌ಗೆ ಬರೀ 15 ಸೆಕೆಂಡ್. ರನ್ನರ್ ಇದ್ರೆ ಈಗ 18. ಒಂದು ಸಾಲು ಟೈಪ್ ಮಾಡಿ ತಲೆ ಎತ್ತೋಷ್ಟರಲ್ಲಿ ಮುಂದಿನ ಚೆಂಡು ಬಂದೇಬಿಡುತ್ತೆ!

ಹಾಗಾಗಿ ಪ್ರತಿ ಚೆಂಡಿನ ಹಿಂದೆ ಓಡ್ಬೇಡಿ. ಸ್ಕೋರ್ ಹೇಳೋಕೆ ಆ್ಯಪ್‌ಗಳಿವೆ. ನೀವು ಟೀವಿ ಕ್ಯಾಮೆರಾ ತೋರಿಸದೇ ಇರೋದನ್ನ ಬರೀರಿ. ಬುಲ್‌ಪೆನ್‌ನಲ್ಲಿ ಯಾರು ಎದ್ದು ಕೈ ಬಿಸಿ ಮಾಡ್ಕೊಳ್ತಿದ್ದಾರೆ? ಔಟ್‌ಫೀಲ್ಡರ್ ಯಾಕೆ ನಾಲ್ಕು ಹೆಜ್ಜೆ ಹಿಂದೆ ಸರಿದ? ಮೈದಾನದಲ್ಲಿ ಕೂತವರಿಗೆ ಮಾತ್ರ ಸಿಗೋ ಸುದ್ದಿ ಇದು, ನನಗಂತೂ ಇಂಥ ಟ್ವೀಟೇ ಇಷ್ಟ. ಉದ್ದದ ಮಾತಿದ್ರೆ ಇನ್ನಿಂಗ್ಸ್ ಬಿಡುವಿಗೆ ಇಟ್ಕೊಳ್ಳಿ, ಸುಮಾರು ಎರಡು ನಿಮಿಷ ಸಿಗುತ್ತೆ.

ಆದ್ರೆ ಕೆಲವು ಕ್ಷಣಗಳಲ್ಲಿ ಟ್ವೀಟೇ ಬೇಡ. 2024ರ ವರ್ಲ್ಡ್ ಸೀರೀಸ್ (ಮೇಜರ್ ಲೀಗ್‌ನ ಫೈನಲ್ ಸರಣಿ), ಲಾಸ್ ಏಂಜಲೀಸ್, ಮೊದಲ ಪಂದ್ಯ. ಹತ್ತನೇ ಇನ್ನಿಂಗ್ಸ್, ಎರಡು ಔಟ್, ಮೂರೂ ಬೇಸ್ ಭರ್ತಿ. ಫ್ರೆಡ್ಡಿ ಫ್ರೀಮನ್ ತನಗೆ ಬಂದ ಮೊದಲ ಚೆಂಡಿಗೇ ಗ್ರ್ಯಾಂಡ್ ಸ್ಲ್ಯಾಮ್ (ಮೂರೂ ಬೇಸ್ ಭರ್ತಿ ಇದ್ದಾಗಿನ ಹೋಮ್ ರನ್) ಬಾರಿಸಿ ಡಾಡ್ಜರ್ಸ್ ತಂಡವನ್ನ ಗೆಲ್ಲಿಸಿದ. ವರ್ಲ್ಡ್ ಸೀರೀಸ್‌ನಲ್ಲಿ ಪಂದ್ಯ ಗ್ರ್ಯಾಂಡ್ ಸ್ಲ್ಯಾಮ್‌ನಿಂದ ಮುಗಿದದ್ದು ಅದೇ ಮೊದಲು.

ಬೇಸ್ ಭರ್ತಿ ಆಯ್ತಾ? ಫೋನ್ ಜೇಬಿಗೆ ಹಾಕಿ!